ಮೂರು ಚೀಲ ಕಾಫಿ ಹೇರಿಕೊಂಡು ಘಾಟಿಯಲ್ಲಿ ಕಾರು ಆರಿಸಿದ್ದು

"ಬ್ಯಾಟರಿ ಕಾರು ಮೈಸೂರಿಗೆ ಸರಿ, ಕೊಡಗಿಗಲ್ಲ. ಮಳೆಗಾಲ ಬರಲಿ ಅಳಿಯಂದಿರೇ, ಆಮೇಲೆ ಮಾತನಾಡೋಣ" ಎಂದಿದ್ದರು ಮಾವ. ಮಳೆಗಾಲ ಬಂತು, ಹೋಯಿತು. 2024ರಲ್ಲಿ ಹುತ್ತರಿ ಹಬ್ಬಕ್ಕೆ ಮುಂಚೆ ಮನೆಗೆ ಬಂದ ಎಲೆಕ್ಟ್ರಿಕ್ ಕಾರು ಈಗ ಇಪ್ಪತ್ತೆರಡು ಸಾವಿರ ಕಿಲೋಮೀಟರ್ ದಾಟಿದೆ. ಒಮ್ಮೆಯೂ ಲಾರಿಯ ಮೇಲೆ ಹೇರಿಸಿಕೊಂಡು ಬಂದಿಲ್ಲ. ಆದರೆ ನಾನು ಬರೆಯಲು ಕುಳಿತದ್ದು ಆ ಕಾರನ್ನು ಹೊಗಳುವುದಕ್ಕಲ್ಲ, ಅದನ್ನು ಆರಿಸಿದ ಬಗೆಯನ್ನು ಹೇಳುವುದಕ್ಕೆ. ಅದೇ ಬಗೆಯಲ್ಲಿ ಇದುವರೆಗೆ ಆರು ಮನೆಗಳಿಗೆ ಕಾರು ಆರಿಸಿಕೊಟ್ಟಿದ್ದೇನೆ. ಆರರಲ್ಲಿ ಎಲೆಕ್ಟ್ರಿಕ್ ಬಂದದ್ದು ಎರಡೇ ಮನೆಗೆ.

ಅದು ರೊಬಸ್ಟಾ ಚೆರಿಗೆ, ಅಂದರೆ ಒಣಗಿಸಿದ ಕಾಫಿ ಹಣ್ಣಿಗೆ, ಚೀಲವೊಂದಕ್ಕೆ ಹತ್ತು ಸಾವಿರ ಸಿಕ್ಕ ವರ್ಷ. ಕೊಡಗಿನಲ್ಲಿ ಯಾರ ಅಂಗಳ ನೋಡಿದರೂ ಹೊಸ ಕಾರು. ನಮ್ಮ ಹದಿಮೂರು ವರ್ಷದ ಡೀಸೆಲ್ ಗಾಡಿ ಅದೇ ಹೊತ್ತಿಗೆ ಟರ್ಬೋ ಕೈಕೊಟ್ಟು ಕುಳಿತಿತ್ತು. ಪಟ್ಟಿಯಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿಯೂ ಇರುವ ಹೈಬ್ರಿಡ್‌ಗಳಾದ ಹೈರೈಡರ್, ಗ್ರ್ಯಾಂಡ್ ವಿಟಾರಾ, ಹೋಂಡಾ ಸಿಟಿ, ಪೂರ್ತಿ ಎಲೆಕ್ಟ್ರಿಕ್ ಆದ ನೆಕ್ಸಾನ್ ಇವಿ, ಆಗಷ್ಟೇ ಬಂದಿದ್ದ ವಿಂಡ್ಸರ್, ಜೊತೆಗೆ ಎರಡು ಮಾಮೂಲಿ ಪೆಟ್ರೋಲ್ ಗಾಡಿಗಳಿದ್ದವು. ಯಾವುದರಲ್ಲಿ ಏನು ಕೊರತೆ ಕಂಡೆ ಎಂದು ಹೆಸರು ಹಿಡಿದು ಹೇಳುವುದಿಲ್ಲ. ಅದು ನನ್ನ ನೋಟ್‌ಬುಕ್ಕಿನಲ್ಲಿದೆ, ಅಲ್ಲೇ ಇರಲಿ.

ಮೊದಲ ಸಲ ಎಲ್ಲರಂತೆ ನಾನೂ ಶೋರೂಮಿಗೆ ಹೋದೆ. ಮೈಸೂರಿನ ರಿಂಗ್ ರಸ್ತೆಯಲ್ಲಿ ಆರು ಕಿಲೋಮೀಟರ್ ಓಡಿಸಲು ಕೊಟ್ಟರು. ನುಣುಪಾದ ಸಮತಟ್ಟು ರಸ್ತೆ, ಎಸಿ, ಪಕ್ಕದಲ್ಲಿ ಮಾತು ನಿಲ್ಲಿಸದ ಹುಡುಗ. ನಾಲ್ಕು ಕಾರು ಓಡಿಸಿದೆ, ನಾಲ್ಕೂ ಚೆನ್ನಾಗಿದ್ದವು. ಎರಡು ದಿನ ಹಾಳು.

ಎರಡನೆಯ ಸಲ ನೆಂಟರ ಕಾರುಗಳನ್ನು ವಾರಕ್ಕೊಂದರಂತೆ ಕೇಳಿ ತಂದೆ. ಇದು ಇನ್ನೂ ದೊಡ್ಡ ತಪ್ಪು. ಒಂದನ್ನು ನಾನು ಓಡಿಸಿದೆ, ಇನ್ನೊಂದನ್ನು ನನ್ನ ಭಾವ ಓಡಿಸಿದ. ಅವನ ಬಲಗಾಲಿಗೂ ನನ್ನ ಬಲಗಾಲಿಗೂ ಲೀಟರಿಗೆ ಮೂರು ಕಿಲೋಮೀಟರ್ ಅಂತರ. ಒಂದು ವಾರ ಮಳೆ, ಒಂದು ವಾರ ಬಿಸಿಲು. ಹತ್ತಿರ ಹತ್ತಿರ ಒಂಬತ್ತು ಸಾವಿರ ರೂಪಾಯಿ ಇಂಧನ ಸುಟ್ಟು ಕೈಗೆ ಬಂದದ್ದು ಒಂದಕ್ಕೊಂದು ತಾಳೆಯಾಗದ ಅಂಕಿಗಳು.

ಆಮೇಲೆ ಹೊಳೆದದ್ದು ನಮ್ಮ ಮನೆಯೆದುರಿನ ರಸ್ತೆ. ನಾವಿರುವುದು ಮಡಿಕೇರಿ ಹತ್ತಿರದ ತಾಳತ್ತಮನೆಯ ಆಚೆ. ಗೇಟು ದಾಟಿದರೆ ಇಳಿಜಾರು ಶುರು. ಮದೆನಾಡು, ಜೋಡುಪಾಲ, ಕೊಯನಾಡು, ಸಂಪಾಜೆ. ಮಡಿಕೇರಿಯಿಂದ ಸಂಪಾಜೆಗೆ ಇಪ್ಪತ್ತೇಳು ಕಿಲೋಮೀಟರ್‌ ಆಸುಪಾಸು, ಇಳಿತ ಸುಮಾರು ಸಾವಿರ ಮೀಟರ್. ಹೋಗಿ ಬಂದರೆ ಐವತ್ತನಾಲ್ಕು. ಕಾರಿನ ಬಣ್ಣ ಬಯಲಾಗುವುದಕ್ಕೆ ಇದಕ್ಕಿಂತ ಒಳ್ಳೆಯ ರಸ್ತೆ ಬೇಕೆ? ಡಿಕ್ಕಿಯಲ್ಲಿ ಐವತ್ತು ಕಿಲೋ ತೂಕದ ಮೂರು ಚೀಲ ಚೆರಿ, ಪಕ್ಕದಲ್ಲಿ ನನ್ನ ಹೆಂಡತಿ, ಹಿಂದೆ ಅಮ್ಮ. ಅಲ್ಲಿಗೆ ಐದು ಜನರ ಸಂಸಾರದ ಭಾರವಾಯಿತು. ಯಾವ ಕಾರಾದರೂ ಅದೇ ಭಾರ, ಅದೇ ಚಾಲಕ, ಬೆಳಿಗ್ಗೆ ಆರೂವರೆಯ ಅದೇ ಹೊತ್ತು. ಕಾರುಗಳನ್ನು ದಿನದ ಬಾಡಿಗೆಗೆ ತಂದೆ. ಒಂದೊಂದಕ್ಕೆ ಮೂರೂವರೆಯಿಂದ ನಾಲ್ಕೂವರೆ ಸಾವಿರ ಬಿತ್ತು. "ಕಾರು ಕೊಳ್ಳುವುದಕ್ಕೆ ಮುಂಚೆಯೇ ಬಾಡಿಗೆಗೆ ಇಪ್ಪತ್ತು ಸಾವಿರವೇ?" ಎಂದು ಹೆಂಡತಿ ಕೇಳಿದ್ದು ನ್ಯಾಯವೇ. ಹದಿನೇಳು ಲಕ್ಷದ ಸಾಮಾನಿಗೆ ಇಪ್ಪತ್ತು ಸಾವಿರದ ಪರೀಕ್ಷೆ ಹೆಚ್ಚಲ್ಲ ಎನ್ನುವುದು ನನ್ನ ವಾದ.

ಇಲ್ಲೂ ಎಡವಿದೆ. ಟ್ಯಾಂಕ್ ತುಂಬಿಸಿ ಓಡಿಸಿ ಮತ್ತೆ ತುಂಬಿಸುವ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಐವತ್ತನಾಲ್ಕು ಕಿಲೋಮೀಟರಿಗೆ ಸುಡುವುದೇ ಮೂರು ನಾಲ್ಕು ಲೀಟರ್. ಬಂಕಿನ ಪಂಪು ಅರ್ಧ ಲೀಟರ್ ಮುಂಚೆ ಕಟ್ ಆದರೆ ಲೆಕ್ಕವೆಲ್ಲ ಬುಡಮೇಲು. ಆದ್ದರಿಂದ ಒಂದು ಸುತ್ತಿನ ಬದಲು ಎರಡು ಸುತ್ತು, ಅದೇ ಬಂಕು, ಅದೇ ನಳಿಕೆ, ಕಾರು ನಿಲ್ಲುವ ಜಾಗವೂ ಅದೇ. ಇದಕ್ಕೆ ಇನ್ನೊಂದು ಉಪಾಯವೂ ಇದೆ. ಬಂಕಿನವರಿಗೆ ಹಿಡಿಸದ ಉಪಾಯವಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಎದುರು ಸಿಕ್ಕಿ ಕಾಪಿ ಕುಡಿಸಿದರೆ ಹೇಳುತ್ತೇನೆ.

ಎಲೆಕ್ಟ್ರಿಕ್ ಕಾರಿನ ಮೊದಲ ಸುತ್ತು ನೆನೆದರೆ ಈಗಲೂ ನಗು ಬರುತ್ತದೆ. ಹಿಂದಿನ ರಾತ್ರಿ ಮನೆಯಲ್ಲಿ ನೂರಕ್ಕೆ ನೂರು ತುಂಬಿಸಿ ಹೊರಟೆ. ಮದೆನಾಡು ಇಳಿಯುವಾಗ ಕಾಲು ತೆಗೆದರೆ ಕಾರು ಹಿಡಿಯುತ್ತಲೇ ಇಲ್ಲ! ಬ್ರೇಕು ಒತ್ತಿ ಒತ್ತಿ ಜೋಡುಪಾಲ ತಲುಪುವ ಹೊತ್ತಿಗೆ ಸುಟ್ಟ ವಾಸನೆ. ಅಮ್ಮ ಹಿಂದಿನಿಂದ, "ಏನೋ ಕರಟುತ್ತಿದೆಯಲ್ಲೋ" ಎಂದರು. ಪಕ್ಕಕ್ಕೆ ನಿಲ್ಲಿಸಿ ಚಕ್ರದ ಬಳಿ ಕೈ ಹಿಡಿದರೆ ಒಲೆಯ ಮುಂದೆ ಹಿಡಿದಂತೆ ಕಾವು. ಅಂದೇ ಆ ಕಾರನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಮಾವನಿಗೆ ಫೋನ್ ಮಾಡಿ, ನೀವು ಹೇಳಿದ್ದೇ ಸರಿ ಎಂದೂ ಒಪ್ಪಿಕೊಂಡೆ. ಆ ಒಂದು ಫೋನಿಗಾಗಿ ಆಮೇಲೆ ಎಷ್ಟು ಮಾತು ಕೇಳಬೇಕಾಯಿತೋ!

ವಾರ ಕಳೆದ ಮೇಲೆ ತಲೆಗೆ ಹೋಯಿತು. ತುಂಬಿದ ಕೊಡಕ್ಕೆ ನೀರು ಸುರಿದರೆ ಎಲ್ಲಿಗೆ ಹೋದೀತು? ಬ್ಯಾಟರಿ ಭರ್ತಿ ಇದ್ದರೆ, ಕಾಲು ತೆಗೆದಾಗ ಮೋಟಾರೇ ಕಾರನ್ನು ಹಿಡಿದು ಬ್ಯಾಟರಿಗೆ ಕರೆಂಟು ತುಂಬುವ ರೀಜೆನ್‌ಗೆ ಜಾಗವೇ ಇಲ್ಲ. ಇನ್ನೊಮ್ಮೆ ಬಾಡಿಗೆ ಕಟ್ಟಿ, ಚಾರ್ಜನ್ನು ಶೇಕಡಾ ಎಂಬತ್ತೈದಕ್ಕೆ ನಿಲ್ಲಿಸಿ ಹೊರಟೆ. ಸಂಪಾಜೆ ಗೇಟಿನ ಹತ್ತಿರ ನೋಡಿದರೆ ಎಂಬತ್ತಾರು! ಇಪ್ಪತ್ತೇಳು ಕಿಲೋಮೀಟರ್ ಪುಕ್ಕಟೆ. ಹತ್ತುವಾಗ ಅದು ಬಡ್ಡಿ ಸಮೇತ ವಸೂಲಿ ಮಾಡಿತು, ಅದು ಬೇರೆ ಮಾತು. ನಲವತ್ತು ಯೂನಿಟ್ ಬ್ಯಾಟರಿಯಲ್ಲಿ ಇಪ್ಪತ್ತೆರಡೋ ಇಪ್ಪತ್ತಮೂರೋ ಶೇಕಡಾ ತಿಂದಿತು. ಒಟ್ಟು ಸುತ್ತಿಗೆ ಒಂಬತ್ತು ಯೂನಿಟ್, ಗೋಡೆಯ ಮೀಟರಿನಲ್ಲಿ ಹತ್ತು. ನಮ್ಮ ಆಗಿನ ಕರೆಂಟಿನ ದರದಲ್ಲಿ ಎಪ್ಪತ್ತು ರೂಪಾಯಿ ಎನ್ನಿ.

ಹೈಬ್ರಿಡ್‌ನ ನಡತೆ ಇದಕ್ಕಿಂತ ಕುತೂಹಲದ್ದು. ಕಾಗದದಲ್ಲಿ ಇಪ್ಪತ್ತೆಂಟರ ಹತ್ತಿರದ ಮೈಲೇಜು. ಅದರ ಬ್ಯಾಟರಿ ಒಂದು ಯೂನಿಟ್ಟೂ ಹಿಡಿಯದ ಪುಟ್ಟ ಚೊಂಬು. ನಾಲ್ಕು ತಿರುವು ಇಳಿಯುವಷ್ಟರಲ್ಲಿ ಅದು ಭರ್ತಿ, ಉಳಿದ ಇಳಿಜಾರೆಲ್ಲ ದಂಡ. ಆಗ ಎಂಜಿನ್ನೇ ಸುತ್ತಿ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ, ಬ್ರೇಕಿಗೆ ಅಪಾಯವಿಲ್ಲ. ಹತ್ತುವಾಗಲೂ ಅಷ್ಟೇ, ನಾಲ್ಕು ತಿರುವಿಗೆ ಚೊಂಬು ಖಾಲಿ. ಕೊಯನಾಡಿನಿಂದ ಮೇಲೆ ಎಂಜಿನ್ ಕಾಫಿ ಹಣ್ಣು ಸುಲಿಯುವ ಪಲ್ಪಿಂಗ್ ಯಂತ್ರದಂತೆ ಕೂಗಿತು. ಸುತ್ತಿಗೆ ಮೂರು ಲೀಟರ್, ಅಂದರೆ ಲೀಟರಿಗೆ ಹದಿನೆಂಟು ಕಿಲೋಮೀಟರ್. ಪೆಟ್ರೋಲ್ ಗಾಡಿ ಅದೇ ಸುತ್ತಿಗೆ ನಾಲ್ಕೂಕಾಲು ಲೀಟರ್ ಕುಡಿಯಿತು. ಹನ್ನೆರಡೂವರೆಯ ಲೆಕ್ಕ. ರೂಪಾಯಿಯಲ್ಲಿ ಹೇಳುವುದಾದರೆ ಎಲೆಕ್ಟ್ರಿಕ್ ಎಪ್ಪತ್ತು, ಹೈಬ್ರಿಡ್ ಮುನ್ನೂರಹತ್ತು, ಪೆಟ್ರೋಲ್ ನಾನೂರನಲವತ್ತು.

ಹೈಬ್ರಿಡ್‌ಗೆ ಅನ್ಯಾಯವಾಗಬಾರದು. ಅದೇ ಗಾಡಿಯನ್ನು ಭಾನುವಾರ ಪ್ರವಾಸಿಗರ ನೂಕುನುಗ್ಗಲಿನಲ್ಲಿ ಮಡಿಕೇರಿಯ ರಾಜಾಸೀಟಿನ ಸುತ್ತ ಒಂದೂವರೆ ಗಂಟೆ ತೆವಳಿಸಿದೆ. ಎಂಜಿನ್ ಬಹುಪಾಲು ನಿದ್ದೆಯಲ್ಲೇ ಇತ್ತು. ಕುಶಾಲನಗರದಿಂದ ಮೈಸೂರಿಗೆ ಇಪ್ಪತ್ತನಾಲ್ಕು ಕೊಟ್ಟಿತು. ನಿಂತು ಹೊರಡುವ ಊರಿನ ಗಾಡಿ ಅದು, ಉದ್ದನೆಯ ಘಾಟಿಯದಲ್ಲ.

ಹಣದ ಲೆಕ್ಕ ತಿರುಗಿದ್ದು ಮಾತ್ರ ರಸ್ತೆಯಲ್ಲಲ್ಲ, ಆರ್‌ಟಿಒ ಕಾಗದದಲ್ಲಿ. ಆಗ ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ 17 ಇತ್ತು, ಆ ತೆರಿಗೆಯ ಮೇಲೆ ಶೇ 11 ಸೆಸ್. ಹದಿನೆಂಟು ಲಕ್ಷದ ಹೈಬ್ರಿಡ್‌ಗೆ ಅದೇ ಮೂರು ಲಕ್ಷ ನಲವತ್ತು ಸಾವಿರದ ಹತ್ತಿರ. ನಾನು ಕೊಂಡ 2024ರಲ್ಲಿ ಇಪ್ಪತ್ತೈದು ಲಕ್ಷದೊಳಗಿನ ಎಲೆಕ್ಟ್ರಿಕ್ ಕಾರಿಗೆ ಆ ತೆರಿಗೆ ಸೊನ್ನೆ. ಜಿಎಸ್‌ಟಿಯೂ ಶೇ 5 ಮಾತ್ರ. ಕೊಳ್ಳುವಾಗಲೇ ಹೈಬ್ರಿಡ್‌ಗಿಂತ ನಾಲ್ಕು ಲಕ್ಷದಷ್ಟು ಕಡಿಮೆಗೆ ಬಂತು. ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಯೋಜನೆಯೊಂದಿಗೆ ವಿಂಡ್ಸರ್ 9.99 ಲಕ್ಷಕ್ಕೆ ಬಂದಾಗ ಅದನ್ನೂ ಗುಣಿಸಿ ನೋಡಿದೆ. ಕಿಲೋಮೀಟರಿಗೆ ಮೂರೂವರೆ ರೂಪಾಯಿ ಬಾಡಿಗೆ. ವರ್ಷಕ್ಕೆ ಹದಿನೇಳು ಸಾವಿರ ಓಡುವ ನಮಗೆ ಬಾಡಿಗೆಯೇ ಅರವತ್ತು ಸಾವಿರ. ಕರೆಂಟೂ ಸೇರಿದರೆ ಕಿಲೋಮೀಟರಿಗೆ ಐದು ರೂಪಾಯಿ, ಹೈಬ್ರಿಡ್‌ನ ಪೆಟ್ರೋಲಿಗೆ ಸಮ. ಕಡಿಮೆ ಓಡುವವರಿಗೆ ಒಳ್ಳೆಯದು, ನಮಗಲ್ಲ.

ಇನ್ನು ಯಾರೂ ಮುಂಚಿತವಾಗಿ ಹೇಳದ ಖರ್ಚು. ಮೀಟರ್ ಬೋರ್ಡಿನಿಂದ ಕಾರು ಶೆಡ್ಡಿಗೆ ನಲವತ್ತು ಮೀಟರ್. ಮೊದಲು ತೆಳ್ಳನೆಯ ವೈರು ಎಳೆಸಿ ಪ್ಲಗ್ಗು ಕಂದು ಬಣ್ಣಕ್ಕೆ ತಿರುಗಿತು. ಅದನ್ನು ಕಿತ್ತು ದಪ್ಪ ತಾಮ್ರದ ವೈರು, ಹೊಸ ಅರ್ಥಿಂಗ್, ಮಂಜೂರಾದ ಲೋಡ್ ಏರಿಸಿದ್ದು ಎಲ್ಲ ಸೇರಿ ಇಪ್ಪತ್ತಾರು ಸಾವಿರ. ಫೆಬ್ರುವರಿಯಲ್ಲಿ ಮಣ್ಣು ಒಣಗಿ ಅರ್ಥಿಂಗ್ ದುರ್ಬಲವಾಯಿತು, ಚಾರ್ಜರ್ ಕೆಂಪು ದೀಪ ತೋರಿಸಿ ಮುಷ್ಕರ ಹೂಡಿತು. ಈಗ ವಾರಕ್ಕೆರಡು ಸಲ ಆ ಗುಂಡಿಗೆ ಎರಡು ಕೊಡ ನೀರು, ಅದು ಅಮ್ಮನ ಕೆಲಸ. ತುಳಸಿಗೆ ಎರೆದ ಮೇಲೆ ಅದಕ್ಕೂ ಎರೆಯುತ್ತಾರೆ. ಅದೇ ತಿಂಗಳಲ್ಲಿ ಕಾಫಿ ಹೂವಿಗೆ ನೀರು ಹಾಯಿಸಲು ಸುತ್ತಲಿನ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಶುರು. ಸಂಜೆ ಏಳಕ್ಕೆ ವೋಲ್ಟೇಜ್ ನೂರ ಎಪ್ಪತ್ತೈದು. ಆದ್ದರಿಂದ ರಾತ್ರಿ ಒಂದರ ನಂತರವೇ ಚಾರ್ಜು. ಗೃಹಜ್ಯೋತಿಯ ಕಥೆಯೂ ಇದೆ. ತಿಂಗಳಿಗೆ ಇನ್ನೂರು ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಸೊನ್ನೆ ಬರುತ್ತಿದ್ದ ಬಿಲ್ಲು ಎರಡೂವರೆ ಸಾವಿರವಾಯಿತು. ಕಾರಿನ ಲೆಕ್ಕಕ್ಕೆ ಇದನ್ನು ಸೇರಿಸದವರು ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ.

ಮಾವ ಕಾಯುತ್ತಿದ್ದ ಪರೀಕ್ಷೆ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳಲ್ಲಿ ಬಂತು. ಮರ ಬಿದ್ದು ಲೈನು ಹರಿದು ಮೂರು ದಿನ ಕರೆಂಟಿಲ್ಲ. ಹಳೆಯ ಡೀಸೆಲ್ ಜನರೇಟರಿಗೆ ಚಾರ್ಜರ್ ಸಿಕ್ಕಿಸಿದರೆ ಮತ್ತೆ ಕೆಂಪು ದೀಪ. ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ಸಮಸ್ಯೆ. ಪರಿಚಯದ ಎಲೆಕ್ಟ್ರಿಷಿಯನ್ ಬಂದು ಹತ್ತು ನಿಮಿಷದಲ್ಲಿ ಸರಿಮಾಡಿದ. ಏನು ಮಾಡಿದ ಎಂದು ಬೇಕೆಂದೇ ಬರೆಯುತ್ತಿಲ್ಲ, ಓದಿ ಯಾರಾದರೂ ತಾವೇ ಕೈಹಾಕಿದರೆ ಕಷ್ಟ. ಲೀಟರ್ ಡೀಸೆಲ್‌ಗೆ ಎರಡು ಯೂನಿಟ್ ಸಿಕ್ಕಿತು. ಅಂದರೆ ಲೀಟರಿಗೆ ಹನ್ನೊಂದು ಕಿಲೋಮೀಟರ್. ನಮ್ಮ ಹಳೆಯ ಡೀಸೆಲ್ ಗಾಡಿ ಘಾಟಿಯಲ್ಲಿ ಕೊಡುತ್ತಿದ್ದುದೂ ಅಷ್ಟೇ! ನಿಜ ಹೇಳಬೇಕೆಂದರೆ ಜನರೇಟರ್ ಬೇಕಾದದ್ದು ಅದೊಂದೇ ಸಲ. ಮಳೆಯ ಮುನ್ಸೂಚನೆ ಕಂಡರೆ ಈಗ ಮೊದಲೇ ತುಂಬಿಸಿಡುತ್ತೇನೆ.

ಆ ಮೂರು ದಿನ ಕಾರೇ ಮನೆಗೆ ಕರೆಂಟು ಕೊಟ್ಟಿತು. ಫ್ರಿಜ್, ಮಿಕ್ಸಿ, ಮೊಬೈಲ್, ಎರಡು ದೀಪ, ದಿನಕ್ಕೆ ಏಳೆಂಟು ಶೇಕಡಾ. ಹುರುಪು ಹೆಚ್ಚಾಗಿ ಒಂದು ಎಚ್‌ಪಿ ಪಂಪನ್ನೂ ಸಿಕ್ಕಿಸಿದೆ. 'ಗುಂಯ್' ಎಂದು ಅರ್ಧ ಸುತ್ತು ತಿರುಗಿತು, ಕಾರು ಕೈಯೆತ್ತಿತು. ಮೋಟಾರು ಶುರುವಾಗುವ ಆ ಒಂದು ಕ್ಷಣದ ಎಳೆತ ಅದಕ್ಕೆ ತಾಳದು. ಟೈರಿನ ಗಾಳಿಯನ್ನು ಮೂವತ್ತಮೂರರಿಂದ ಮೂವತ್ತಾರಕ್ಕೆ ಏರಿಸಿಯೂ ನೋಡಿದೆ. ಸ್ವಲ್ಪ ಉಳಿತಾಯ ಕಂಡಿತು. ಆದರೆ ಪಾಚಿ ಹಿಡಿದ ತೋಟದ ದಾರಿಯಲ್ಲಿ ಜಾರಿ ಮೋರಿಯ ಅಂಚಿಗೆ ಹೋದ ಮೇಲೆ ಮತ್ತೆ ಮೂವತ್ತಮೂರೇ. ಆನೆಗೂ ಒಂದು ಪ್ರಯೋಗವಾಯಿತು, ನಾನು ಬಯಸದೇ. ಸಿದ್ದಾಪುರದ ಕಡೆ ರಾತ್ರಿ ಹಿಂಡು ರಸ್ತೆ ದಾಟುತ್ತಿತ್ತು. ಸದ್ದಿಲ್ಲದ ಕಾರು, ದೀಪ ಆರಿಸಿ ನಿಂತೆ, ಅವು ತಲೆಯೂ ಎತ್ತಲಿಲ್ಲ. ಜಾಣತನ ಮಾಡಿ ರಿವರ್ಸ್ ಹಾಕಿದ್ದೇ ತಡ, ಪಾದಚಾರಿಗಳ ಎಚ್ಚರಿಕೆಗೆಂದು ಕಾರು ತಾನಾಗಿಯೇ ಪೀಂ ಪೀಂ ಎನ್ನತೊಡಗಿತು. ಹಿಂದಿದ್ದ ಹೆಣ್ಣಾನೆ ಕಿವಿ ಅಗಲಿಸಿ ತಿರುಗಿತು. ಪಾರ್ಕಿಂಗ್‌ಗೆ ಹಾಕಿ ಉಸಿರು ಬಿಗಿಹಿಡಿದು ಕುಳಿತ ಆ ಐದು ನಿಮಿಷವನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಕಾರು ಆರಿಸಲು ನನಗೆ ಬೇಕಾದ ಮೂರರಲ್ಲಿ ಘಾಟಿ, ಚೀಲ ಎರಡನ್ನೂ ಹೇಳಿದೆ. ಮೂರನೆಯದು ಗೋಡೆಯ ಕ್ಯಾಲೆಂಡರು, ನನ್ನ ಲೆಕ್ಕಕ್ಕೆ ಅದೇ ಮುಖ್ಯ. ಕಳೆದ ವರ್ಷ ಯಾವ ದಿನ ಕಾರು ಎಲ್ಲಿಗೆ ಹೋಯಿತು, ಯಾವ ದಿನ ಕರೆಂಟಿರಲಿಲ್ಲ ಎಂದು ಗುರುತು ಹಾಕುವುದು. ನಮ್ಮ ಮನೆಯಲ್ಲಿ ದಿನಕ್ಕೆ ಇನ್ನೂರು ಕಿಲೋಮೀಟರ್ ದಾಟಿದ ದಿನಗಳು ಮೂವತ್ತೊಂದೋ ಮೂವತ್ತೆರಡೋ. ಹೆಚ್ಚಿನವು ಮಂಗಳೂರಿನಲ್ಲಿ ಓದುವ ಮಗಳಿಗಾಗಿ. ಎಲೆಕ್ಟ್ರಿಕ್ ಸಾಕಾಯಿತು. ಪಕ್ಕದ ತೋಟದವರದು ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಮಾತ್ರ. ಅವರಿಗೆ ಮಾಮೂಲಿ ಪೆಟ್ರೋಲ್ ಗಾಡಿ ಹೇಳಿದೆ, ಹೊಸದರ ಹುಚ್ಚಿನಲ್ಲಿದ್ದ ಅವರ ಮಗನಿಗೆ ನನ್ನ ಮೇಲೆ ಈಗಲೂ ಸಿಟ್ಟು.

ಕಳೆದ ತಿಂಗಳು ಮಾವನೇ ಫೋನ್ ಮಾಡಿದರು. "ಅಳಿಯಂದಿರೇ, ನಿಮ್ಮದೇ ಕಾರು ತೆಗೆದುಕೊಳ್ಳೋಣ ಅಂತಿದ್ದೇನೆ." ಕ್ಯಾಲೆಂಡರು ತನ್ನಿ ಎಂದೆ. ಅವರಿರುವುದು ಶ್ರೀಮಂಗಲದ ಆಚೆ, ಮಳೆಗಾಲದಲ್ಲಿ ಹತ್ತು ಹದಿನೈದು ದಿನ ಕತ್ತಲೆ. ತಿಂಗಳಿಗೆ ನಾಲ್ಕು ಸಲ ಬೆಂಗಳೂರಿಗೆ ಒಂದೇ ಓಟ, ನಡುವೆ ನಿಲ್ಲುವ ತಾಳ್ಮೆ ಅವರಿಗಿಲ್ಲ. ಲೆಕ್ಕ ಹೇಳಿದ್ದು ಹೈಬ್ರಿಡ್. ಹಾಗೆಂದು ಹೇಳಿದರೆ, "ನನಗೆ ಬೇಡ ಅಂತ ಬೇಕೆಂದೇ ಹೇಳುತ್ತಿದ್ದೀರಿ" ಎಂದು ಮುನಿಸಿಕೊಂಡರು. ಮುಂದಿನ ಭಾನುವಾರ ಇಬ್ಬರೂ ಮಾಕುಟ್ಟ ಘಾಟಿ ಇಳಿದು ಹತ್ತುವುದೆಂದು ಒಪ್ಪಂದವಾಗಿದೆ. ಬಾಡಿಗೆ ಅವರದು, ಚೀಲ ನನ್ನವು.