ಹಾರಲು ಬಂದರೂ ಹೊರಡದ ಮರಿಗಳು: ಮಾರ್ಟಿನ್ ಗೂಡನ್ನು ಯಾವಾಗ ಇಳಿಸಬೇಕು?

ಜುಲೈ ಮೂರನೇ ವಾರಕ್ಕೆ ಟೆಕ್ಸಸ್‌ನ ಆಸ್ಟಿನ್ ಸುತ್ತಮುತ್ತಲಿನ ಹಿತ್ತಲುಗಳಲ್ಲಿ ಪರ್ಪಲ್ ಮಾರ್ಟಿನ್ ಎಂಬ ವಲಸೆ ಹಕ್ಕಿಗೆಂದು ಜನ ಕಂಬದ ಮೇಲೆ ಇಟ್ಟ ಗೂಡುಗಳು ಬಹುಪಾಲು ಬರಿದಾಗಿರುತ್ತವೆ. ಹೋದ ವರ್ಷ ನಮ್ಮ ಬೇಲಿಯಾಚೆಯ ಮನೆಯವರು ಗೂಡು ಇಳಿಸಿ, ತೊಳೆದು, ಗ್ಯಾರೇಜಿಗೆ ಸೇರಿಸಿದ ಭಾನುವಾರ ನಮ್ಮ ಕಂಬದ ಮೇಲೆ ಇನ್ನೂ ನಾಲ್ಕು ಮರಿಗಳು ಸಾಲಾಗಿ ಕೂತಿದ್ದವು. ಹಾರಲು ಚೆನ್ನಾಗಿಯೇ ಬರುತ್ತಿತ್ತು. ಬೆಳಿಗ್ಗೆ ಹೋಗಿ ಸಂಜೆ ಬಂದು, ಗೂಡಾಗಿ ತೂಗುಹಾಕಿದ್ದ ಅದೇ ಸೋರೆಬುರುಡೆಯೊಳಗೆ ತೂರಿಕೊಳ್ಳುತ್ತಿದ್ದವು. ಹಾಸನದಿಂದ ಆರು ತಿಂಗಳಿಗೆಂದು ಬಂದಿದ್ದ ಅಮ್ಮ ಕಾಫಿ ಲೋಟ ಹಿಡಿದು ದಿನವೂ ಎಣಿಸುತ್ತಿದ್ದರು. "ಎಲ್ಲಾ ಹೋದ್ವು, ಇವ್ಯಾಕೋ ಹೊರಟಿಲ್ಲ. ದಾರಿ ತಪ್ಪಿತೇನೋ? ಒಂದು ಹಿಡಿ ಅಕ್ಕಿ ಹಾಕ್ಲಾ?"

ದಾರಿಯೂ ತಪ್ಪಿರಲಿಲ್ಲ, ಅಕ್ಕಿಯೂ ಬೇಕಿರಲಿಲ್ಲ. ಈ ಹೊತ್ತಿನಲ್ಲಿ ನಾವು ಮಾಡಬೇಕಾದ ಕೆಲಸ ಸ್ವಲ್ಪ, ಮಾಡಬಾರದ್ದು ಬಹಳ. ಅಮೆರಿಕದಲ್ಲಿ ಹಿತ್ತಲು ಇರುವ ಕನ್ನಡಿಗರಲ್ಲಿ ಅನೇಕರು ಮನೆ ಕೊಳ್ಳುವಾಗ ಹಿಂದಿನವರು ಬಿಟ್ಟುಹೋದ ಮಾರ್ಟಿನ್ ಕಂಬವನ್ನೂ ಕೊಂಡಿರುತ್ತಾರೆ. ಅದನ್ನು ಏನು ಮಾಡಬೇಕೆಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪರ್ಪಲ್ ಮಾರ್ಟಿನ್ ನಮ್ಮ ಅಂಬರಗುಬ್ಬಿಗಳ ಬಳಗದ್ದು. ಉತ್ತರ ಅಮೆರಿಕದ ಅಂಬರಗುಬ್ಬಿಗಳಲ್ಲೆಲ್ಲ ದೊಡ್ಡದು, ಉದ್ದ ಸುಮಾರು 20 ಸೆಂ.ಮೀ. ರಾಕಿ ಪರ್ವತಗಳ ಪೂರ್ವಕ್ಕಿರುವ ಮಾರ್ಟಿನ್‌ಗಳು ಇವತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯರು ಇಟ್ಟ ಗೂಡುಗಳನ್ನೇ ನಂಬಿವೆ. ಯುರೋಪಿನವರು ಬರುವ ಮೊದಲೇ ಚಾಕ್ಟಾ, ಚಿಕಸಾ ಜನರು ಒಣಗಿದ ಸೋರೆಬುರುಡೆಗೆ ತೂತು ಕೊರೆದು ಇವಕ್ಕಾಗಿ ಕೋಲಿಗೆ ಕಟ್ಟುತ್ತಿದ್ದರು. ನಾವು ಸಾಂಬಾರಿಗೆ ಹಾಕುವ, ಕೆರೆಯಲ್ಲಿ ಈಜು ಕಲಿಯಲು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಅದೇ ಸೋರೆ. ಅಮ್ಮನಿಗೆ ಇದನ್ನು ಹೇಳಿದ ಮೇಲೆ ಆ ಕಂಬದ ಬಗ್ಗೆ ಸಲಿಗೆ ಹೆಚ್ಚಾಯಿತು. ಈಗ ಸಿಗುವವು ಹೆಚ್ಚಾಗಿ ಪ್ಲಾಸ್ಟಿಕ್ ಬುರುಡೆಗಳು, ಆಕಾರ ಮಾತ್ರ ಅದೇ.

ಮೊದಲು: ಕೂತಿರುವುದು ಯಾರು ನೋಡಿ

ಕಂಬದ ಮೇಲೆ ಹಕ್ಕಿ ಇದೆ ಎಂದಮಾತ್ರಕ್ಕೆ ಅದು ಮರಿಯೇ ಆಗಬೇಕಿಲ್ಲ. ವಯಸ್ಸಿಗೆ ಬಂದ ಗಂಡು ಮೈತುಂಬ ಮಿರುಗುವ ಕಡು ನೇರಳೆ ನೀಲಿ, ಅದರಲ್ಲಿ ಗೊಂದಲವಿಲ್ಲ. ಹೆಣ್ಣಿನ ಎದೆ ಬೂದು, ಕತ್ತಿನ ಹಿಂದೆಯೂ ಬೂದು ಪಟ್ಟಿ. ಕಳೆದ ವರ್ಷ ಹುಟ್ಟಿದ ಗಂಡಿನ ಎದೆಯ ಮೇಲೆ ಶಾಯಿ ಚೆಲ್ಲಿದಂತೆ ಅಲ್ಲಲ್ಲಿ ನೇರಳೆ ಗರಿ. ಈ ವರ್ಷದ ಮರಿಯ ಬೆನ್ನು ಕಂದುಬೂದು, ಹೊಟ್ಟೆ ಬಿಳಿ, ಬಾಲ ಗಿಡ್ಡ, ಬಾಯಿಯ ಅಂಚಿನಲ್ಲಿ ಇನ್ನೂ ಹಳದಿ. ಬೈನಾಕ್ಯುಲರ್ ಇದ್ದರೆ ಆ ಹಳದಿಯೊಂದೇ ಸಾಕು. ಇಲ್ಲದಿದ್ದರೆ ನಡವಳಿಕೆ ನೋಡಿ. ದೊಡ್ಡ ಹಕ್ಕಿ ಹತ್ತಿರ ಬಂದಾಗ ರೆಕ್ಕೆ ಅದುರಿಸುತ್ತ ಬಾಯಿ ತೆರೆಯುವುದು ಮರಿ.

ಆಮೇಲೆ: ಬೆರಳು ಮಡಿಸಿ ಲೆಕ್ಕ ಹಾಕಿ

ತಡವಾದ ಮರಿಗಳ ಬಗ್ಗೆ ಆತಂಕಪಡುವವರಲ್ಲಿ ಹೆಚ್ಚಿನವರು ಈ ಲೆಕ್ಕ ಹಾಕಿರುವುದಿಲ್ಲ. ಹೆಣ್ಣು ದಿನಕ್ಕೊಂದರಂತೆ ಸಾಮಾನ್ಯವಾಗಿ ನಾಲ್ಕೈದು ಮೊಟ್ಟೆ ಇಡುತ್ತದೆ. ಕಾವು 15ರಿಂದ 16 ದಿನ. ಒಡೆದ ಮೇಲೆ ಮರಿ ಗೂಡು ಬಿಡಲು 26ರಿಂದ 32 ದಿನ. ಅದಾದ ಮೇಲೂ ಒಂದೆರಡು ವಾರ ಅಪ್ಪ ಅಮ್ಮ ತುತ್ತು ಕೊಡುತ್ತವೆ.

ನಮ್ಮ ಗೂಡಿನದೇ ಲೆಕ್ಕ ಇಲ್ಲಿದೆ. ಮೊದಲ ಮೊಟ್ಟೆ ಮೇ 30ಕ್ಕೆ, ನಾಲ್ಕನೆಯದು ಜೂನ್ 2ಕ್ಕೆ. ಒಡೆಯುವುದು ಜೂನ್ 17, 18ರ ಹೊತ್ತಿಗೆ. ಗೂಡು ಬಿಡುವುದು ಜುಲೈ 13ರಿಂದ 20ರೊಳಗೆ. ತುತ್ತಿನ ದಿನಗಳನ್ನು ಸೇರಿಸಿದರೆ ಜುಲೈ ಕೊನೆ. ಹಾಗಾಗಿ ಜುಲೈ 22ಕ್ಕೆ ಅವು ಕಂಬದ ಮೇಲೆ ಇದ್ದದ್ದು ತಡವೇ ಅಲ್ಲ, ಮೊಟ್ಟೆಯೇ ತಡವಾಗಿತ್ತು, ಅಷ್ಟೆ.

ಮೊಟ್ಟೆ ತಡವಾಗುವುದಕ್ಕೂ ಕಾರಣವಿದೆ. ಹಳೆಯ ಹಕ್ಕಿಗಳು ಟೆಕ್ಸಸ್‌ಗೆ ಜನವರಿ ಕೊನೆ, ಫೆಬ್ರುವರಿಯಲ್ಲೇ ಬಂದು ಒಳ್ಳೆಯ ಗೂಡುಗಳನ್ನು ಹಿಡಿದಿರುತ್ತವೆ. ಹಿಂದಿನ ವರ್ಷ ಹುಟ್ಟಿದ, ಮೊದಲ ಸಲ ಸಂಸಾರ ಹೂಡುವ ಜೋಡಿಗಳು ಎಷ್ಟೋ ವಾರ ಹಿಂದೆ ಬರುತ್ತವೆ. ಮೊದಲ ಸಲದ ಮೊಟ್ಟೆ ಹಾವಿನ ಪಾಲಾಗಿ ಮತ್ತೆ ಇಟ್ಟ ಜೋಡಿಯೂ ತಡವಾಗುತ್ತದೆ. ಇನ್ನೂ ಉತ್ತರಕ್ಕೆ, ಮಿನೆಸೋಟದ ಕಡೆ ಇರುವವರು ಈ ಎಲ್ಲ ದಿನಾಂಕಗಳನ್ನು ಮುಂದಕ್ಕೆ ತಳ್ಳಿಕೊಳ್ಳಬೇಕು. ಅಲ್ಲಿ ಆಗಸ್ಟ್‌ನಲ್ಲೂ ಮರಿಗಳಿರುವುದು ಮಾಮೂಲು.

ಗೂಡಿನ ಬಾಗಿಲು ತೆರೆಯಬೇಡಿ

ಮೊಟ್ಟೆ, ಪುಟ್ಟ ಮರಿಗಳಿರುವಾಗ ವಾರಕ್ಕೊಮ್ಮೆ ಗೂಡು ಇಳಿಸಿ ನೋಡುವುದು ಒಳ್ಳೆಯ ಅಭ್ಯಾಸ. ಮಾರ್ಟಿನ್ ಅದಕ್ಕೆ ಮುನಿಸಿಕೊಳ್ಳುವುದಿಲ್ಲ. ಮರಿಗೆ 22 ದಿನ ತುಂಬಿದ ಮೇಲೆ ಮಾತ್ರ ಕೈ ಹಾಕಬೇಡಿ. ಗರಿ ಬಂದಿರುತ್ತದೆ, ಬಲ ಬಂದಿರುವುದಿಲ್ಲ. ಬೆದರಿ ಹೊರಕ್ಕೆ ಜಿಗಿದರೆ ನೆಲ ಸೇರುತ್ತದೆ. ಹಾರಿಹೋದ ಮರಿಗಳು ರಾತ್ರಿ ಮಲಗಲು ಮರಳುತ್ತಿದ್ದರೂ ಇದೇ ನಿಯಮ. ಒಳಗೆ ಯಾರಿದ್ದಾರೆಂಬ ಕುತೂಹಲಕ್ಕೆ ಬುರುಡೆ ಅಲ್ಲಾಡಿಸಬೇಡಿ. ಮುಸ್ಸಂಜೆ ದೂರದಲ್ಲಿ ಕುರ್ಚಿ ಹಾಕಿಕೊಂಡು ಎಣಿಸಿ.

ಆ ಎಣಿಕೆಯೇ ಈ ಹವ್ಯಾಸದ ಸುಖ. ಹಗಲು ಅಪ್ಪ ಅಮ್ಮ ಮರಿಗಳನ್ನು ಮರದ ತುದಿಯ ಒಣರೆಂಬೆಗೆ ಕರೆದೊಯ್ದು ಕೂರಿಸಿರುತ್ತವೆ. ದೊಡ್ಡ ಏರೋಪ್ಲೇನ್ ಚಿಟ್ಟೆಯೊಂದನ್ನು ಹಿಡಿದು ತಂದು, ಕೆಲವೊಮ್ಮೆ ಹಾರುತ್ತಲೇ ಮರಿಯ ಬಾಯಿಗೆ ದಾಟಿಸುತ್ತವೆ. ಬೆಳಕು ಇಳಿಯುವಾಗ ಒಂದೊಂದಾಗಿ ಬಂದು ಕಂಬದ ಸುತ್ತ ಗಿರಕಿ ಹೊಡೆದು, ತೂತಿಗೆ ಗುರಿಯಿಟ್ಟು, ತಪ್ಪಿ, ಮತ್ತೆ ಸುತ್ತಿ ಬಂದು ಒಳಗೆ ಹೋಗುತ್ತವೆ. ನಮ್ಮಲ್ಲಿ ನಾಲ್ಕನೆಯದು ಮೂರು ದಿನ ತಪ್ಪು ಬುರುಡೆಗೇ ಹೊಕ್ಕಿತು. ಅಮ್ಮ ಅದಕ್ಕೆ ಪೆದ್ದ ಎಂದು ಹೆಸರಿಟ್ಟರು.

ಅಕ್ಕಿ, ಕಾಳು, ನೀರು

ಮಾರ್ಟಿನ್ ಕಾಳು ತಿನ್ನುವುದಿಲ್ಲ. ಗಾಳಿಯಲ್ಲಿ ಹಾರುವ ಹುಳುವೇ ಅದರ ಊಟ, ನೀರನ್ನೂ ಕೆರೆಯ ಮೇಲೆ ಹಾರುತ್ತಲೇ ಕುಡಿಯುತ್ತದೆ. ಅಕ್ಕಿ ಎರಚಿದರೆ ಬರುವುದು ಗುಬ್ಬಚ್ಚಿ. ಏನಾದರೂ ಕೊಡಲೇಬೇಕೆಂದರೆ ಮೊಟ್ಟೆಯ ಸಿಪ್ಪೆಯನ್ನು ಓವನ್ನಿನಲ್ಲಿ ಬಿಸಿ ಮಾಡಿ, ಪುಡಿಪುಡಿಯಾಗಿ ಒಡೆದು ತಟ್ಟೆಯಲ್ಲಿಡಿ. ಸುಣ್ಣದಂಶಕ್ಕಾಗಿ ಅವು ಹೆಕ್ಕುತ್ತವೆ.

ಇಲ್ಲೊಂದು ಹಳೆಯ ಸುಳ್ಳಿನ ಬಗ್ಗೆಯೂ ಹೇಳಿಬಿಡುತ್ತೇನೆ. ಒಂದು ಮಾರ್ಟಿನ್ ದಿನಕ್ಕೆ 2,000 ಸೊಳ್ಳೆ ತಿನ್ನುತ್ತದೆ ಎಂಬ ಮಾತು 1960ರ ದಶಕದಲ್ಲಿ ಇಲಿನಾಯ್‌ನ ಗ್ರಿಗ್ಸ್‌ವಿಲ್ ಎಂಬ ಪುಟ್ಟ ಊರಿನಿಂದ ಹಬ್ಬಿತು. ಆ ಊರಿನಲ್ಲಿ ಮಾರ್ಟಿನ್ ಗೂಡು ತಯಾರಿಸುವ ಕಾರ್ಖಾನೆಯಿತ್ತು, ಅರ್ಥವಾಯಿತಲ್ಲ. ಮಾರ್ಟಿನ್ ಬೇಟೆಯಾಡುವುದು ಹಗಲು, ಎತ್ತರದಲ್ಲಿ. ಸೊಳ್ಳೆ ಏಳುವುದು ಮುಸ್ಸಂಜೆಗೆ, ನೆಲದ ಹತ್ತಿರ. ಸೊಳ್ಳೆಗೆಂದು ಕಂಬ ನೆಟ್ಟವರಿಗೆ ನಿರಾಸೆ ಖಚಿತ. ಮರಿಗಳಿರುವಾಗ ಹಿತ್ತಲಿಗೆ ಸೊಳ್ಳೆ ಔಷಧಿ ಹೊಡೆಸಿದರೆ ಅವುಗಳ ಊಟಕ್ಕೇ ಕಲ್ಲು.

ನೆಲಕ್ಕೆ ಬಿದ್ದ ಮರಿ

ಆಸ್ಟಿನ್‌ನ ಜುಲೈಯಲ್ಲಿ ಬಿಸಿಲು 38 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗೂಡು ಕಾದ ಹೆಂಚಾದಾಗ ಹಾರಲು ಬಾರದ ಮರಿ ಹೊರಕ್ಕೆ ಧುಮುಕುವುದುಂಟು. ಮೊದಲು ಮನೆಯ ಬೆಕ್ಕನ್ನು ಒಳಗೆ ಹಾಕಿ. ಮರಿಗೆ ಗಾಯವಾಗಿದೆಯೇ ನೋಡಿ. ಇಲ್ಲವಾದರೆ ತೆಳು ಬಟ್ಟೆಯಲ್ಲಿ ಹಿಡಿದು ಅದರದೇ ಗೂಡಿಗೆ ಹಿಂತಿರುಗಿಸಿ. ಯಾವ ಗೂಡೆಂದು ಗೊತ್ತಾಗದಿದ್ದರೆ ಹೆಚ್ಚುಕಡಿಮೆ ಅದೇ ವಯಸ್ಸಿನ ಮರಿಗಳಿರುವ ಗೂಡಾದರೂ ಆದೀತು. ದೊಡ್ಡ ಮರಿಯಾದರೆ ನೆರಳಿನಲ್ಲಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಮುಸ್ಸಂಜೆಗೆ ಸೇರಿಸುವುದು ಮೇಲು. ಕತ್ತಲಾದ ಮೇಲೆ ಮತ್ತೆ ಜಿಗಿಯುವುದಿಲ್ಲ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂದು ಅಮ್ಮನೂ ಹೇಳಿದರು, ಇಲ್ಲಿನ ನೆರೆಯವರೂ ಹೇಳಿದರು. ಎರಡು ಖಂಡಗಳಲ್ಲೂ ಒಂದೇ ತಪ್ಪು ನಂಬಿಕೆ.

ಬಾಯಿಗೆ ನೀರು ಬಿಡಬೇಡಿ, ಉಸಿರಿನ ದಾರಿಗೆ ಇಳಿದುಬಿಡುತ್ತದೆ. ಗಾಯವಿದ್ದರೆ ಪರವಾನಗಿ ಇರುವ ವನ್ಯಜೀವಿ ಆರೈಕೆದಾರರಿಗೆ ಫೋನ್ ಮಾಡಿ. ನಾವೇ ಸಾಕೋಣ ಎಂಬ ಯೋಚನೆ ಬೇಡ. 1918ರ ವಲಸೆ ಹಕ್ಕಿ ಒಪ್ಪಂದ ಕಾಯ್ದೆಯ ಪ್ರಕಾರ ಅದು ಅಪರಾಧ. ವೀಸಾದಲ್ಲಿ ಇರುವವರು ಇದನ್ನು ಎರಡು ಸಲ ಓದಿ.

ಹಾವು, ಗಿಡುಗ, ಗುಬ್ಬಚ್ಚಿ

ಕಂಬದಲ್ಲಿ ಒಂದೇ ಸಂಸಾರ ಉಳಿದಾಗ ಕಾವಲು ಕಣ್ಣುಗಳು ಕಡಿಮೆ. ಗುಂಪಾಗಿದ್ದಾಗ ಕೂಪರ್ಸ್ ಹಾಕ್ ಎಂಬ ಗಿಡುಗ ಬಂದರೆ ಇಪ್ಪತ್ತು ಹಕ್ಕಿ ಕೂಗು ಹಾಕುತ್ತವೆ, ಈಗ ಕೂಗುವುದು ಎರಡು. ಟೆಕ್ಸಸ್‌ನ ರ್‍ಯಾಟ್ ಸ್ನೇಕ್ ನಮ್ಮ ಕೇರೆಹಾವಿನ ಹಾಗೆ ವಿಷವಿಲ್ಲದ್ದು, ಆದರೆ ಕಬ್ಬಿಣದ ಕಂಬವನ್ನೂ ಹತ್ತುತ್ತದೆ. ಎಂಟು ಇಂಚು ಅಗಲ, ಎರಡು ಮೂರು ಅಡಿ ಉದ್ದದ ತಗಡಿನ ಕೊಳವೆಯನ್ನು ಕಂಬದ ಸುತ್ತ ತೂಗುಹಾಕಿ. ಋತು ಮುಗಿಯಿತೆಂದು ಅದನ್ನು ಮೊದಲೇ ಬಿಚ್ಚಿಡಬೇಡಿ.

ಗುಬ್ಬಚ್ಚಿಯ ವಿಷಯ ನನಗೆ ಇಂದಿಗೂ ಮುಜುಗರದ್ದು. ಊರಿನಲ್ಲಿ ಗುಬ್ಬಚ್ಚಿ ಕಾಣೆಯಾಯಿತೆಂದು ಮಾರ್ಚ್ 20ಕ್ಕೆ ರಟ್ಟಿನ ಗೂಡು ಹಂಚುತ್ತೇವೆ. ಇಲ್ಲಿ ಅದೇ ಹಕ್ಕಿ 1850ರ ದಶಕದಲ್ಲಿ ಬ್ರೂಕ್ಲಿನ್‌ಗೆ ತಂದು ಬಿಟ್ಟ ಪರದೇಶಿ. ಮಾರ್ಟಿನ್ ಗೂಡಿಗೆ ನುಗ್ಗಿ ಮೊಟ್ಟೆ ಒಡೆಯುತ್ತದೆ, ಕಾನೂನಿನ ರಕ್ಷಣೆಯೂ ಅದಕ್ಕಿಲ್ಲ. ಜುಲೈಯಲ್ಲಿ ಖಾಲಿಯಾದ ಬುರುಡೆಗಳಲ್ಲಿ ಗುಬ್ಬಚ್ಚಿ ಹುಲ್ಲು ತುಂಬಲು ಶುರುಮಾಡುತ್ತದೆ. ಆ ಹುಲ್ಲನ್ನು ಎಳೆದುಹಾಕಿ, ಆದರೆ ಮರಿಗಳು ಬೇಟೆಗೆ ಹೋಗಿರುವ ಮಧ್ಯಾಹ್ನದಲ್ಲಿ. ನಾನು ಎಳೆಯುವಾಗ ಅಮ್ಮ ಒಳಗೆ ಹೋಗಿಬಿಡುತ್ತಿದ್ದರು.

ಹೊಸ ಮುಖಗಳು ಬಂದರೆ

ಒಂದು ಬೆಳಿಗ್ಗೆ ನಾಲ್ಕರ ಬದಲು ಒಂಬತ್ತು ಮರಿ ಕಂಡರೆ ಗಾಬರಿಯಾಗಬೇಡಿ. ಬೇರೆ ಕಂಬಗಳಲ್ಲಿ ಹುಟ್ಟಿದ ಮರಿಗಳು ಋತುವಿನ ಕೊನೆಗೆ ಸುತ್ತಾಡಿ ಗೂಡುಗಳನ್ನು ನೋಡಿಕೊಳ್ಳುತ್ತವೆ. ತೂತಿನೊಳಗೆ ತಲೆ ಹಾಕುತ್ತವೆ, ನಿಮ್ಮ ಹಕ್ಕಿಗಳಿಂದ ಕುಕ್ಕಿಸಿಕೊಳ್ಳುತ್ತವೆ, ಮತ್ತೆ ಬರುತ್ತವೆ. ಮುಂದಿನ ವರ್ಷ ಮನೆ ಹುಡುಕುವುದು ಇವೇ. ದೊಡ್ಡ ಹಕ್ಕಿ ಗೂಡು ಮಾಡಿದ ಜಾಗಕ್ಕೇ ಮರಳುತ್ತದೆ, ಮರಿ ಹೆಚ್ಚಾಗಿ ಹುಟ್ಟಿದ ಕಂಬ ಬಿಟ್ಟು ಬೇರೆಡೆ ನೆಲೆಸುತ್ತದೆ. ಜುಲೈಯಲ್ಲೇ ಗೂಡು ಇಳಿಸಿದವರು ಆ ಗಿರಾಕಿಗಳನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ ಹಾಗೆ. ಆದ್ದರಿಂದ ಕೊನೆಯ ಹಕ್ಕಿ ಕಂಡ ದಿನದಿಂದ ಎರಡು ವಾರ ಎಣಿಸಿ. ನಡುವೆ ಒಂದು ಕಂಡರೂ ಎಣಿಕೆ ಮತ್ತೆ ಮೊದಲಿನಿಂದ.

ಎಲ್ಲಿಗೆ ಹೋದವು?

ಒಂದು ಸಂಜೆ ಅವು ಮಲಗಲು ಬರುವುದಿಲ್ಲ. ಹಾಗೆಂದು ಚಳಿಗಾಲ ಕಳೆಯಲು ಬ್ರೆಜಿಲ್‌ಗೆ ಹೊರಟವೆಂದಲ್ಲ. ಮೊದಲು ದೊಡ್ಡ ಸಂತೆ ಸೇರುತ್ತವೆ. ಆಸ್ಟಿನ್‌ನಲ್ಲಿ ಅಂಗಡಿಗಳ ಪಾರ್ಕಿಂಗ್ ಜಾಗದ ಮರಗಳಲ್ಲಿ, ಲೂಸಿಯಾನದಲ್ಲಿ ಪಾಂಚರ್‌ಟ್ರೇನ್ ಸರೋವರದ ಉದ್ದ ಸೇತುವೆಯ ಕೆಳಗೆ, ಸಾವಿರಾರು ಹಕ್ಕಿ ಒಟ್ಟಿಗೆ ರಾತ್ರಿ ಕಳೆಯುತ್ತವೆ. 2020ರಲ್ಲಿ ನ್ಯಾಶ್‌ವಿಲ್ ನಗರದ ಸಿಂಫನಿ ಸಭಾಂಗಣದ ಮುಂದಿನ ಮರಗಳಿಗೆ ಒಂದು ಲಕ್ಷಕ್ಕೂ ಹೆಚ್ಚು ಬಂದಿದ್ದವು. ಬೆಳಗಾಗುವ ಮೊದಲು ಇವು ಎಲ್ಲ ದಿಕ್ಕಿಗೂ ಒಟ್ಟಿಗೆ ಏಳುವಾಗ ಹವಾಮಾನ ರೇಡಾರ್ ಪರದೆಯ ಮೇಲೆ ಬಳೆಯಂಥ ಉಂಗುರ ಮೂಡುತ್ತದೆ. ಕುಟುಂಬ ಸಮೇತ ಒಂದು ಸಂಜೆ ಹೋಗಿ ನೋಡಿ, ಟೋಪಿ ಮರೆಯಬೇಡಿ.

ಮುಂದಿನ ಪಯಣದಲ್ಲೂ ಅವಕ್ಕೆ ಅವಸರವಿಲ್ಲ. ಯಾರ್ಕ್ ವಿಶ್ವವಿದ್ಯಾಲಯದ ಬ್ರಿಜೆಟ್ ಸ್ಟಚ್‌ಬರಿ ಮತ್ತು ಸಂಗಡಿಗರು ಪೆನ್ಸಿಲ್ವೇನಿಯದ ಮಾರ್ಟಿನ್‌ಗಳ ಬೆನ್ನಿಗೆ ಪುಟ್ಟ ಉಪಕರಣ ಕಟ್ಟಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ವಸಂತದಲ್ಲಿ ಒಂದು ಹೆಣ್ಣು ಅಮೆಜಾನ್ ಕಡೆಯಿಂದ 7,500 ಕಿ.ಮೀ. ದಾರಿಯನ್ನು 13 ದಿನಗಳಲ್ಲಿ ಮುಗಿಸಿತ್ತು. ಹೋಗುವಾಗ ಮಾತ್ರ ಕೆಲವು ಹಕ್ಕಿಗಳು ಮೆಕ್ಸಿಕೋದ ಯುಕಟಾನ್‌ನಲ್ಲಿ ಮೂರು ನಾಲ್ಕು ವಾರ ತಂಗಿದ್ದವು. ನಮ್ಮ ಕಂಬದ ಮೇಲೆ ಹತ್ತು ದಿನ ಕೂತದ್ದು ಏನು ಮಹಾ!

ಇಳಿಸುವುದು, ತೊಳೆಯುವುದು

ಎರಡು ವಾರ ಕಳೆದ ಮೇಲೆ ಬುರುಡೆ ಇಳಿಸಿ. ಒಣ ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು, ಹಳೆಯ ಗೂಡಿಗೆ ನೀರು ಚಿಮುಕಿಸಿ ಒದ್ದೆ ಮಾಡಿಯೇ ತೆಗೆಯಿರಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಉಜ್ಜಿ, ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿ, ತೂತಿಗೆ ಬಿರಡೆ ಹಾಕಿ ಎತ್ತಿಡಿ. ಆಸ್ಟಿನ್ ಕಡೆಯವರು ಜನವರಿ ಕೊನೆಯ ವಾರ ಮತ್ತೆ ಏರಿಸಬೇಕು. ಕೊನೆಯ ಹಕ್ಕಿ ಕಂಡ ದಿನವನ್ನು ಬಿರಡೆಯ ಮೇಲೆ ಮಾರ್ಕರಿನಲ್ಲಿ ಬರೆದಿಡಿ, ಮುಂದಿನ ವರ್ಷದ ಲೆಕ್ಕಕ್ಕೆ ಬೇಕಾಗುತ್ತದೆ. ನಮ್ಮದರ ಮೇಲೆ ಅಮ್ಮನ ದುಂಡು ಅಕ್ಷರದಲ್ಲಿ ಹೀಗಿದೆ: ಜುಲೈ 31, ಪೆದ್ದ.