ತಾತನ ಯುದ್ಧದ ನೆನಪು ಬರೆದಿಟ್ಟಿದ್ದು

ನನ್ನ ತಾತ 1971ರ ಯುದ್ಧದಲ್ಲಿ ಇದ್ದವರು. ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ದಳವಾದ ಬೆಂಗಳೂರಿನ ಎಂಇಜಿಯ (ಮದ್ರಾಸ್ ಎಂಜಿನಿಯರ್ ಗ್ರೂಪ್) ಜವಾನ. ಪಶ್ಚಿಮ ಗಡಿಯ ಬಸಂತರ್ ನದಿಯ ಹತ್ತಿರ ನೆಲದಲ್ಲಿ ಹೂತಿದ್ದ ಮೈನ್ (ನೆಲಬಾಂಬ್) ತೆಗೆದು, ನಮ್ಮ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರಲ್ಲಿ ಅವರೂ ಒಬ್ಬರು. ಇಷ್ಟು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು.

ಮೊದಲ ಸಲ ತಪ್ಪಾಗಿ ಕೇಳಿದೆ. ಮೊಬೈಲ್ ಎದುರಿಗೆ ಹಿಡಿದು, "ತಾತ, ಯುದ್ಧ ಹೇಗಿತ್ತು?" ಎಂದೆ. "ಎಲ್ಲರೂ ಮಾಡಿದ್ದನ್ನೇ ನಾನೂ ಮಾಡಿದೆ" ಎಂದು ಎದ್ದು ಹೋದರು.

ಆಮೇಲೆ ಅವರ ಕಪ್ಪು ಟ್ರಂಕಿನಿಂದ ಶುರು ಮಾಡಿದೆ. ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್ ಸಿಕ್ಕಿತು. ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ್ ಮೆಡಲ್ ಸಿಕ್ಕವು. ಪೂರ್ವದಲ್ಲಿ ಹೋರಾಡಿದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್. ಪದಕ ನೋಡಿದರೇ ಯಾವ ಕಡೆ ಇದ್ದರು ಅಂತ ಗೊತ್ತಾಗುತ್ತದೆ. ಒಂದು ಮಾತು: ಹೊಳೆಯಲಿ ಅಂತ ಪಾಲಿಶ್ ಹಾಕಿ ಉಜ್ಜಬೇಡಿ. ಕೆತ್ತಿರುವ ನಂಬರು, ಹೆಸರು ಸವೆದುಹೋಗುತ್ತದೆ.

ಪದಕ ಕೈಗಿಟ್ಟು, ಈ ಸಲ ಸಣ್ಣದೊಂದು ಕೇಳಿದೆ. "ಡಿಸೆಂಬರ್ ಚಳಿಯಲ್ಲಿ ಬೆರಳು ಮರಗಟ್ಟುತ್ತಿರಲಿಲ್ವಾ ತಾತ?" ಅಷ್ಟೇ ಸಾಕಾಯಿತು. ಕತ್ತಲಲ್ಲಿ ಹೊಟ್ಟೆ ಅಡಿಯಾಗಿ ಮಲಗಿ, ಕಡ್ಡಿಯನ್ನು ಓರೆಯಾಗಿ ಮಣ್ಣಿಗೆ ಚುಚ್ಚಿ ನೋಡುವುದು. ಗಟ್ಟಿಯಾಗಿ ಏನಾದರೂ ತಾಗಿದರೆ ಅಲ್ಲೇ ನಿಲ್ಲಿಸುವುದು. ಕೈಯಿಂದ ಮಣ್ಣು ಬಿಡಿಸುವುದು. ದಾರಿ ಸರಿಯಾದ ಮೇಲೆ ಎರಡೂ ಬದಿಗೆ ಬಿಳಿ ಪಟ್ಟಿ ಎಳೆಯುವುದು. ಒಂದು ಗಂಟೆ ಹೇಳಿದರು. ವಾಪಸ್ ಬರದ ಇಬ್ಬರು ಜೊತೆಗಾರರ ಹೆಸರು ಬಂದಾಗ ಮಾತು ನಿಂತಿತು. ನಾನು ರೆಕಾರ್ಡಿಂಗ್ ನಿಲ್ಲಿಸಿದೆ. ಅವತ್ತು ಮತ್ತೆ ಏನೂ ಕೇಳಲಿಲ್ಲ. ಹಾಗೆ ಬಿಟ್ಟಿದ್ದೇ ಒಳ್ಳೆಯದಾಯಿತು. ಮಾರನೇ ವಾರ ಅವರೇ ಕರೆದು ಕೂರಿಸಿಕೊಂಡರು.

ಅಜ್ಜಿಯನ್ನು ನಾನು ಮರೆತೇಬಿಟ್ಟಿದ್ದೆ. ಒಂದು ದಿನ ಪಕ್ಕದಲ್ಲಿ ಕೂತಿದ್ದವರು ತಾವಾಗಿಯೇ ಹೇಳಿದರು. "ಕಾಗದದ ಮೇಲೆ ನಂಬರು, ಹೆಸರು, ಯೂನಿಟ್ಟು, 56 ಎಪಿಒ ಅನ್ನೋ ಮಿಲಿಟರಿ ಅಂಚೆ. ಅಷ್ಟೇ ಬರೀಬೇಕು. ಊರೇ ಇಲ್ಲ. ಇವರು ಎಲ್ಲಿದ್ದಾರೆ ಅಂತ ನಂಗೇನು ಗೊತ್ತಾಗಬೇಕು ಹೇಳು?" ಪಶ್ಚಿಮದಲ್ಲಿ ಡಿಸೆಂಬರ್ 17ಕ್ಕೆ ಗುಂಡು ನಿಂತಿತು. ತಾತನ ಕಾಗದ ಬಂದಿದ್ದು ಜನವರಿಯಲ್ಲಿ. ನಡುವೆ ಅಷ್ಟೂ ದಿನ, ಆರು ತಿಂಗಳ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಅಜ್ಜಿ ಅಂಚೆಯವನ ದಾರಿ ಕಾದಿದ್ದಾರೆ. ಆ ಕೂಸು ನಮ್ಮಮ್ಮ. ಅಜ್ಜಿಯ ಮಾತನ್ನೂ ಪೂರ್ತಿ, ಅವರು ಹೇಳಿದ ಹಾಗೆಯೇ ಬರೆದೆ. ಯುದ್ಧಕ್ಕೆ ಹೋದವರ ಕಥೆ ಬರೆಯುವವರು ಕಾದವರನ್ನೂ ದಯವಿಟ್ಟು ಕೇಳಿ. ಅವರಿಗೆ ಪದಕ ಇಲ್ಲ, ಡಿಸ್ಚಾರ್ಜ್ ಬುಕ್ ಇಲ್ಲ. ನಾವು ಬರೆಯದಿದ್ದರೆ ಎಲ್ಲೂ ಉಳಿಯುವುದಿಲ್ಲ.

ಡಿಸೆಂಬರ್ 16ರ ವಿಜಯ ದಿವಸಕ್ಕೆ ಬರೆದದ್ದನ್ನೆಲ್ಲ ಪುಸ್ತಕದ ಹಾಗೆ ಹೊಲಿಸಿ ಕೊಟ್ಟೆ. ತಾತ ಕನ್ನಡಕ ಹಾಕಿಕೊಂಡು ಎರಡು ದಿನ ಓದಿದರು. "ಅವರಿಗೆ ಹೆದರಿಕೆಯೇ ಇರಲಿಲ್ಲ" ಎಂದು ನಾನು ಬರೆದಿದ್ದ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದರು. ಪಕ್ಕದಲ್ಲಿ ಅವರದೇ ದಪ್ಪ ಅಕ್ಷರದಲ್ಲಿ ಬರೆದರು: "ಹೆದರಿಕೆ ಇತ್ತು. ಕೈ ನಡುಗದ ಹಾಗೆ ನೋಡಿಕೊಂಡೆ."