ಕ್ಷುದ್ರಗ್ರಹ ಒಂದು ಸುತ್ತು ತಿರುಗಲು ಎಷ್ಟು ಹೊತ್ತು? ಹೊಳಪು ನೋಡಿ ಅಳೆಯುವ ಬಗೆ

ಟೆಲಿಸ್ಕೋಪಿನಲ್ಲಿ ಕ್ಷುದ್ರಗ್ರಹ ಬರೀ ಒಂದು ಚುಕ್ಕಿ. ಆದರೂ ಅದು ತಿರುಗುವುದನ್ನು ನಾವು ಅಳೆಯಬಹುದು. ಚಿಕ್ಕ ಕ್ಷುದ್ರಗ್ರಹಗಳು ದುಂಡಗಿರುವುದು ಕಡಿಮೆ. ಅಗಲದ ಮೈ ನಮ್ಮ ಕಡೆ ಬಂದಾಗ ಜಾಸ್ತಿ ಹೊಳೆಯುತ್ತವೆ, ತುದಿ ಬಂದಾಗ ಮಂಕಾಗುತ್ತವೆ. ಎರೋಸ್ ಎಂಬ ಕ್ಷುದ್ರಗ್ರಹ ಹೀಗೆ ಹೊಳಪು ಬದಲಿಸುತ್ತದೆ ಅಂತ 1901ರಲ್ಲೇ ಗೊತ್ತಾಗಿತ್ತು. ಅದರ ಒಂದು ಸುತ್ತಿಗೆ 5.27 ಗಂಟೆ.

ಮೊದಲ ಸಲ ತಿರುಗುವ ಅವಧಿ ಈಗಾಗಲೇ ಗೊತ್ತಿರುವ ಕ್ಷುದ್ರಗ್ರಹವನ್ನೇ ಆರಿಸಿ. ನಾಲ್ಕೈದು ಗಂಟೆಯಲ್ಲಿ ತಿರುಗಬೇಕು, ಹೊಳಪು 0.3 ಮ್ಯಾಗ್ನಿಟ್ಯೂಡ್‌ಗಿಂತ (ಇದು ಹೊಳಪಿನ ಅಳತೆ) ಹೆಚ್ಚು ಏರಿಳಿಯಬೇಕು. ಸೂರ್ಯನಿಗೆ ಎದುರು ದಿಕ್ಕಿನಲ್ಲಿದ್ದರೆ ರಾತ್ರಿಯಿಡೀ ಸಿಗುತ್ತದೆ.

ಒಂದೆರಡು ನಿಮಿಷದ ಎಕ್ಸ್‌ಪೋಶರ್ ಕೊಟ್ಟು ಒಂದರ ಹಿಂದೊಂದು ಚಿತ್ರ ತೆಗೆಯುತ್ತಾ ಹೋಗಿ. ಮಂಗಳ, ಗುರು ಗ್ರಹಗಳ ನಡುವಿನ ಮುಖ್ಯ ಪಟ್ಟಿಯ ಕ್ಷುದ್ರಗ್ರಹ ಸೂರ್ಯನಿಗೆ ಎದುರಿದ್ದಾಗ ನಿಮಿಷಕ್ಕೆ ಸುಮಾರು ಅರ್ಧ ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಸರಿಯುತ್ತದೆ, ಹಾಗಾಗಿ ಚುಕ್ಕಿ ಗೀರಾಗುವುದಿಲ್ಲ. ಕ್ಯಾಮೆರಾದ ದೋಷ ಕಳೆಯಲು ಬೇಕಾದ ಡಾರ್ಕ್ (ಮುಚ್ಚಳ ಹಾಕಿ ತೆಗೆದ), ಫ್ಲಾಟ್ (ಸಮನಾದ ಬೆಳಕಿನಲ್ಲಿ ತೆಗೆದ) ಚಿತ್ರಗಳನ್ನು ಬಿಡಬೇಡಿ. ಕಂಪ್ಯೂಟರಿನ ಗಡಿಯಾರ ಸರಿಯಾಗಿರಲಿ, ಲೆಕ್ಕಕ್ಕೆ ಎಕ್ಸ್‌ಪೋಶರಿನ ನಡುವಿನ ಸಮಯ ಹಿಡಿಯಿರಿ.

ಆಮೇಲೆ ಅದೇ ಚಿತ್ರದ ನಾಲ್ಕೈದು ನಕ್ಷತ್ರಗಳ ಜೊತೆ ಹೋಲಿಸಿ ಹೊಳಪು ಅಳೆಯಿರಿ, ಸಮಯ ಕಳೆದಂತೆ ಅದು ಹೇಗೆ ಬದಲಾಯಿತು ಅಂತ ಗ್ರಾಫ್ ಹಾಕಿ. ತೆಳು ಮೋಡ ಹಾದುಹೋದರೂ ಎಲ್ಲವೂ ಒಟ್ಟಿಗೇ ಮಂಕಾಗುತ್ತವೆ, ವ್ಯತ್ಯಾಸ ಹಾಗೇ ಉಳಿಯುತ್ತದೆ. ಆದರೆ ಸೂರ್ಯನಂಥ ಬಣ್ಣದ ನಕ್ಷತ್ರಗಳನ್ನೇ ಆರಿಸಿ. ಕ್ಷುದ್ರಗ್ರಹದ್ದು ಸೂರ್ಯನ ಬೆಳಕೇ ಅಲ್ವಾ? ನೀಲಿ ನಕ್ಷತ್ರವೊಂದು ಸೇರಿದ್ದರೆ, ಕ್ಷುದ್ರಗ್ರಹ ದಿಗಂತಕ್ಕೆ ಇಳಿದಂತೆ ಇಲ್ಲದ ಏರಿಳಿತವೊಂದು ಗ್ರಾಫಿನಲ್ಲಿ ಮೂಡುತ್ತದೆ.

ಒಮ್ಮೆ ನನ್ನ ಗ್ರಾಫಿನಲ್ಲಿ ರಾತ್ರಿ ಒಂದೂವರೆ ಹೊತ್ತಿಗೆ ಸಣ್ಣ ಉಬ್ಬೊಂದು ಬಂತು. ನಿಜವಾದದ್ದೇ ಅಂದುಕೊಂಡು ಎರಡು ದಿನ ಅದರ ಹಿಂದೆ ಬಿದ್ದೆ. ಕೊನೆಗೆ ಚಿತ್ರಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದರೆ, ಕ್ಷುದ್ರಗ್ರಹ ಒಂದು ಮಸುಕು ನಕ್ಷತ್ರದ ಮೇಲೇ ಹಾದುಹೋಗಿತ್ತು, ಅದರ ಬೆಳಕೂ ಲೆಕ್ಕಕ್ಕೆ ಸೇರಿತ್ತು. ಅಂಥ ಚಿತ್ರಗಳನ್ನು ಸುಮ್ನೆ ತೆಗೆದುಹಾಕಿ.

ಈಗ ಅವಧಿ ಹುಡುಕುವುದು. ಒಂದು ಅವಧಿ ಊಹಿಸಿ, ಎಲ್ಲ ರಾತ್ರಿಗಳ ಅಳತೆಯನ್ನೂ ಆ ಅವಧಿಗೆ ಮಡಚಬೇಕು, ಅಂದರೆ ಗ್ರಾಫನ್ನು ಅಷ್ಟೇ ಉದ್ದದ ತುಂಡುಗಳಾಗಿಸಿ ಒಂದರ ಮೇಲೊಂದು ಇಡಬೇಕು. ಸರಿಯಾದ ಅವಧಿಗೆ ಚುಕ್ಕಿಗಳು ಒಂದೇ ಗೆರೆಯಲ್ಲಿ ಕೂರುತ್ತವೆ, ತಪ್ಪಾದರೆ ಚೆಲ್ಲಾಪಿಲ್ಲಿ. ಈ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ, ಆದರೆ ಅದು ಕೊಟ್ಟ ಮೊದಲ ಉತ್ತರವನ್ನೇ ನಂಬಬೇಡಿ. ಉದ್ದನೆಯ ಕ್ಷುದ್ರಗ್ರಹ ಒಂದು ಸುತ್ತಿನಲ್ಲಿ ಎರಡು ಸಲ ಅಗಲದ ಮೈ ತೋರಿಸುತ್ತದೆ, ಅಂದರೆ ಎರಡು ಏರು, ಎರಡು ಇಳಿತ. ಒಂದೇ ಏರಿಗೆ ಮಡಚಿದರೆ ಅರ್ಧ ಅವಧಿ ಸಿಗುತ್ತದೆ. ವೆಸ್ಟಾ ಎಂಬ ಕ್ಷುದ್ರಗ್ರಹದಲ್ಲಿ ಇದು ಉಲ್ಟಾ. ಅದು ಹೆಚ್ಚುಕಮ್ಮಿ ದುಂಡಗಿದೆ, ಒಂದು ಮಗ್ಗುಲು ಇನ್ನೊಂದಕ್ಕಿಂತ ಬೆಳ್ಳಗಿದೆ, ಹಾಗಾಗಿ ಸುತ್ತಿಗೆ ಒಂದೇ ಏರು. ಅದರ ಅವಧಿ 5.34 ಗಂಟೆಯೋ ಅದರ ಎರಡರಷ್ಟೋ ಎಂಬ ಗೊಂದಲ ಬಹಳ ಕಾಲ ಇತ್ತು. 5.34 ಗಂಟೆಯೇ ಸರಿ.

ಅವಧಿ 8 ಅಥವಾ 12 ಗಂಟೆಗೆ ಹತ್ತಿರವಿದ್ದರೆ ಪ್ರತಿ ರಾತ್ರಿ ಅದೇ ಹೊತ್ತಿಗೆ ಅದೇ ಮುಖ ಕಾಣುತ್ತದೆ. ಆಗ ಭೂಮಿಯ ಇನ್ನೊಂದು ಭಾಗದಲ್ಲಿ ನೋಡುವವರ ಅಳತೆ ಬೇಕೇ ಬೇಕು.

ಇನ್ನೊಂದು ಪರೀಕ್ಷೆ ಇದೆ. ಕೆಲವು ನೂರು ಮೀಟರಿಗಿಂತ ದೊಡ್ಡ ಕ್ಷುದ್ರಗ್ರಹಗಳು ಸುಮಾರು 2.2 ಗಂಟೆಗಿಂತ ಬೇಗ ತಿರುಗುವುದು ಬಹಳ ಅಪರೂಪ. ಹೆಚ್ಚಿನವು ಗುರುತ್ವ ಹಿಡಿದಿಟ್ಟ ಕಲ್ಲುರಾಶಿಗಳು, ಅದಕ್ಕಿಂತ ಬೇಗ ತಿರುಗಿದರೆ ಚದುರಿಹೋಗುತ್ತವೆ. ನಿಮಗೆ 1.9 ಗಂಟೆ ಬಂದಿದ್ದರೆ, 3.8ಕ್ಕೆ ಮಡಚಿ ಮತ್ತೆ ನೋಡಿ.